ಏಸಾ ಪ್ರೂಯಿಟನ ವಂಶದ ಬಿಲ್ಲೆ

ಧಾನ್ಯದ ಗೋದಾಮಿನ ಕೆಲಸದಿಂದ ನಿವೃತ್ತಿಯಾದ ವರ್ಷ ನನ್ನ ಗಂಡ ವರ್ಲಿನ್‌ಗೆ ವಂಶದ ಹುಚ್ಚು ಹಿಡಿಯಿತು. ಬೇರೆ ಗಂಡಸರಿಗೆ ಮೀನು ಹಿಡಿಯುವ ಹುಚ್ಚು ಬರುತ್ತದೆ, ಹಳೆಯ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವ ಹುಚ್ಚು ಬರುತ್ತದೆ. ಅವರೆಲ್ಲ ಮನೆಯಿಂದ ಹೊರಗಿರುತ್ತಾರೆ, ಹೆಂಡತಿಗೆ ಸ್ವಲ್ಪ ಉಸಿರಾಡಲು ಬಿಡುತ್ತಾರೆ. ನಮ್ಮವನು ಊಟದ ಮೇಜಿನ ಮೇಲೆಯೇ ಕಾಗದ ಹರಡಿಕೊಂಡು ಕೂತ. ತಟ್ಟೆ ಇಡಲು ಜಾಗ ಕೇಳಿದರೆ, "ಲೊರೀನ್, ಅದು ನಮ್ಮ ತಾತನ ಮದುವೆ ಕಾಗದ, ಸಾರು ಚೆಲ್ಲಬೇಡ" ಅನ್ನುತ್ತಿದ್ದ.

ಆ ವರ್ಷ ನಮ್ಮ ಟ್ಯಾಲ್ಮನ್ ಕೌಂಟಿಯ ಇತಿಹಾಸ ಸಂಘದವರು ಒಂದು ಹೊಸ ಪದ್ಧತಿ ತಂದಿದ್ದರು. 1840ಕ್ಕೆ ಮೊದಲು ಇಲ್ಲಿಗೆ ಬಂದು ನೆಲ ಉತ್ತವರ ರಕ್ತಸಂಬಂಧಿ ತಾನೆಂದು ಯಾರು ಸಾಬೀತು ಮಾಡುತ್ತಾರೋ ಅವರಿಗೆ ಒಂದು ಪ್ರಮಾಣಪತ್ರ, ಕೋಟಿಗೆ ಚುಚ್ಚಿಕೊಳ್ಳಲು ನೇಗಿಲಿನ ಗುರುತಿನ ಒಂದು ಬಿಲ್ಲೆ. ಅವರಿಗಿಂತ ಮೊದಲೇ ಈ ನೆಲದಲ್ಲಿದ್ದವರ ಮಾತನ್ನು ಸಂಘದವರು ಎತ್ತಲಿಲ್ಲ. ಪ್ರತಿವರ್ಷದಂತೆ ಸೆಪ್ಟೆಂಬರಿನಲ್ಲಿ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಈ ಸಲ ಆ ಊಟದ ಮಧ್ಯೆ ಒಬ್ಬೊಬ್ಬರ ವಂಶದ ಸಾಲನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತಾರೆ. ಆ ಸಾಲಿನಲ್ಲಿ ಬದುಕಿರುವವರು ತಮ್ಮ ಹೆಸರು ಬಂದಾಗ ಎದ್ದು ನಿಲ್ಲಬೇಕು.

"ಏಸಾ ಪ್ರೂಯಿಟ್, ಅವನ ಮಗ ಲೈಮನ್, ಅವನ ಮಗ ಕ್ಲೆಟಸ್, ಅವನ ಮಗ ನಾನು," ಎಂದು ವರ್ಲಿನ್ ಬೆರಳು ಮಡಚಿ ಎಣಿಸಿದ. "ಏಸಾನಿಂದ ನಾಲ್ಕನೆಯವನು! ಹೋಟೆಲಲ್ಲಿ ಆ ಡ್ವೈಟ್ ಮಹಾ ಜಂಬ ಕೊಚ್ಕೊಳ್ತಾನಲ್ಲ, ಅವನು ಅವರ ಮೂಲಪುರುಷನಿಂದ ಆರನೆಯವನು. ನಮ್ಮ ಸಾಲಲ್ಲಿ ಎದ್ದು ನಿಲ್ಲೋನು ನಾನೊಬ್ಬನೇ."

"ನಾನೂ ಕ್ಲೆಟಸ್ ಮಗಳೇ ಕಣೋ ಮರಿ," ಎಂದರು ಒಲೆಯ ಹತ್ತಿರ ನಿಂತಿದ್ದ ಆರ್ಡಿತ್.

"ನೀನು ಬೇರೆ ಅರ್ಜಿ ಹಾಕಕ್ಕ. ಯಾರು ಬೇಡ ಅಂದ್ರು?"

"ನನಗ್ಯಾಕಪ್ಪಾ ಬಿಲ್ಲೆ. ಏಪ್ರನ್ನಿಗೆ ಚುಚ್ಕೊಳ್ಳಲಾ?"

ಆರ್ಡಿತ್ ನನ್ನ ಗಂಡನ ಅಕ್ಕ. ಅವನಿಗಿಂತ ಹದಿನೇಳು ವರ್ಷ ದೊಡ್ಡವರು. ಮದುವೆಯಾಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದು, ಉಳಿದ ಹೊತ್ತೆಲ್ಲ ಈ ಮನೆಯಲ್ಲೇ ಕಳೆದವರು. ನಾನು ಮದುವೆಯಾಗಿ ಬಂದಾಗ ವರ್ಲಿನ್‌ನ ತಾಯಿ ಓರ್ಫಾ ತೀರಿಹೋಗಿ ಕೆಲವು ವರ್ಷವಾಗಿತ್ತು. ಅತ್ತೆಯ ಕಾಟವಿಲ್ಲದ ಮನೆ ಸಿಕ್ಕಿತೆಂದು ನನ್ನಮ್ಮ ಸಂತೋಷಪಟ್ಟಿದ್ದಳು. ಪಾಪ, ಅವಳಿಗೇನು ಗೊತ್ತು! ಈ ಅತ್ತಿಗೆ ನನಗೆ ಒಲೆ ಬಿಟ್ಟುಕೊಟ್ಟಿದ್ದೇ ಇಲ್ಲ. ವರ್ಲಿನ್‌ನ ಮೊಟ್ಟೆ ಅವರೇ ಬೇಯಿಸಬೇಕು, ಅವನ ಬ್ರೆಡ್ಡಿನ ಅಂಚು ಅವರೇ ಕತ್ತರಿಸಬೇಕು. ಸಾರಿಗೆ ಉಪ್ಪು ಕಡಿಮೆ ಹಾಕುತ್ತಾರೆ, ಹೇಳಿದರೆ "ಮರಿಗೆ ಇಷ್ಟೇ ಸಾಕು" ಅನ್ನುತ್ತಾರೆ. ಅರವತ್ತು ವರ್ಷದ, ತಲೆ ಬೋಳಾದ ಮರಿ.

ಸಂಘಕ್ಕೆ ಸಮಾಧಿ ಕಲ್ಲುಗಳ ಫೋಟೋ ಬೇಕಿತ್ತು. ವರ್ಲಿನ್ ಬಕೆಟ್ಟು, ಮೆತ್ತನೆಯ ಬ್ರಷ್ಷು ಹಿಡಿದು ಹೊರಟ. ಅವನ ತಾಯಿಯ ಕಲ್ಲು ಅರ್ಧ ಮಣ್ಣಿಗಿಳಿದು, ಪಾಚಿ ಕಟ್ಟಿ, ಹುಟ್ಟಿದ ವರ್ಷ ಕಾಣದ ಹಾಗೆ ಮುಚ್ಚಿಹೋಗಿತ್ತು. ಮಣ್ಣು ತೋಡಿ, ನೀರು ಹಾಕಿ ಹಾಕಿ ತಿಕ್ಕಿ ಫಳಫಳ ಮಾಡಿದ. ಫೋಟೋ ತೆಗೆದು ಅರ್ಜಿಯ ಜೊತೆ ಕಳಿಸಿದ. ಎಲ್ಲವನ್ನೂ ಓದಿದ ಮನುಷ್ಯ ತಾನು ತಿಕ್ಕಿದ ಅಂಕಿಯೊಂದನ್ನು ಮಾತ್ರ ಲೆಕ್ಕ ಹಾಕಿ ನೋಡಲಿಲ್ಲ.

ಅರ್ಜಿ ಜುಲೈನಲ್ಲಿ ವಾಪಸು ಬಂತು. ಎಳೆ ಜೋಳ ಬೇಯಿಸಿ, ಬೆಣ್ಣೆ ಸವರಿ ತಿನ್ನುತ್ತಿದ್ದೆವು. ನನ್ನ ಮಗಳು ಟ್ರೂಡಿಯೂ ಇದ್ದಳು. ಗಂಡನನ್ನು ಬಿಟ್ಟು ಬಂದ ಮೇಲೆ ಅವಳೂ ನಮ್ಮ ಜೊತೆಯಲ್ಲೇ ಇದ್ದಾಳೆ, ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಕಾಗದ ಬರೆದವರು ಸಂಘದ ಪರಿಶೀಲಕಿ ಬರ್ನಿಟಾ ಹಾಫ್. ಆ ಹೆಂಗಸು ಸ್ವಂತ ಗಂಡನ ಮಾತನ್ನೂ ಸಾಕ್ಷಿಯಿಲ್ಲದೆ ನಂಬುವವಳಲ್ಲ.

"ಏನಂತೆ?" ಎಂದೆ.

"ತಲೆಕೆಟ್ಟೋಳು," ಎಂದ ವರ್ಲಿನ್. "ನಾನು ಮನೇಲಿ ಹುಟ್ಟಿದ್ದು, ಡಾಕ್ಟ್ರಿರಲಿಲ್ಲ. ಜನನಪತ್ರ ಮಾಡಿಸಿದ್ದು ಸೈನ್ಯಕ್ಕೆ ಸೇರೋವಾಗ, ಅಪ್ಪ ಅಮ್ಮನ ಬಾಯಿಮಾತಿನ ಮೇಲೆ. ಅದೊಂದೇ ಸಾಲದಂತೆ. ತಾಯಿ ವಯಸ್ಸು ನೋಡಿದ್ರೆ ಅನುಮಾನ ಬರುತ್ತಂತೆ."

"ಏನು ವಯಸ್ಸು?" ಎಂದು ಟ್ರೂಡಿ ಫೋಟೋ ಎಳೆದುಕೊಂಡಳು. ಲೆಕ್ಕ ಹಾಕುತ್ತಾ ಅವಳ ತುಟಿ ಅಲ್ಲಾಡಿತು. "ಅಪ್ಪಾ, ನೀನು ಹುಟ್ಟಿದಾಗ ಅಜ್ಜಿಗೆ ಐವತ್ತೊಂದು."

"ನಲವತ್ತು ದಾಟಿತ್ತು ಅಂತಿದ್ರು. ಮುಪ್ಪಿನ ಕೂಸು ಅಂತಲೇ ಎಲ್ಲರೂ ನನ್ನ ಕರೀತಿದ್ದಿದ್ದು. ಅದಕ್ಕೇನೀಗ? ಹುಟ್ಟಿದ್ದು ಕಂಡವರೊಬ್ಬರು ನೋಟರಿ ಮುಂದೆ ಪ್ರಮಾಣ ಮಾಡಿದ್ರೆ ಸಾಕಂತೆ. ಅಕ್ಕ ಇದ್ದಾಳಲ್ಲ! ಅವತ್ತು ಮನೇಲೇ ಇದ್ಳು. ಅಕ್ಕಾ, ನಾಳೆ ಬ್ಯಾಂಕಿಗೆ ಹೋಗೋಣ, ನೋಟರಿ ಅಲ್ಲೇ ಇರ್ತಾನೆ. ಓರ್ಫಾ ಹೆತ್ತಿದ್ದನ್ನ ನಾನು ಕಣ್ಣಾರೆ ಕಂಡೆ ಅಂತ ಒಂದು ಸಹಿ ಹಾಕು."

ಆರ್ಡಿತ್ ಹುರುಳಿಕಾಯಿ ಪಲ್ಯದ ಬಟ್ಟಲನ್ನು ಟ್ರೂಡಿಯ ಕಡೆ ಸರಿಸಿದರು. ಕೈ ಒರೆಸಿಕೊಂಡರು.

"ನಾನು ಹಾಕಲ್ಲ."

"ಏನು?"

"ಹಾಕಲ್ಲ ಅಂದೆ. ಜೋಳ ತಣ್ಣಗಾಗುತ್ತೆ, ತಿನ್ನು."

ಅಲ್ಲಿಂದ ಶುರುವಾಯಿತು ನೋಡಿ. ಮೊದಲ ವಾರ ವರ್ಲಿನ್ ಗೋಗರೆದ. ಎರಡನೆಯ ವಾರ ರೇಗಿದ. ಆಮೇಲೆ ಮಾತು ಬಿಟ್ಟ. ಬೆಳಿಗ್ಗೆ ಆರ್ಡಿತ್ ಮೊಟ್ಟೆ ತಂದಿಟ್ಟರೆ ತಟ್ಟೆಯನ್ನು ಪಕ್ಕಕ್ಕೆ ನೂಕಿ ತಾನೇ ಎದ್ದು ಹಾಲಿಗೆ ಕಾರ್ನ್‌ಫ್ಲೇಕ್ಸ್ ಸುರಿದುಕೊಳ್ಳುತ್ತಿದ್ದ. ಅವರು ಆ ಮೊಟ್ಟೆಯನ್ನು ನಾಯಿಗೆ ಹಾಕಿ, ಮರುದಿನ ಮತ್ತೆ ಬೇಯಿಸುತ್ತಿದ್ದರು. ನಾಯಿ ದಪ್ಪಗಾಗುತ್ತಿತ್ತು.

"ಅಸೂಯೆ ಕಣೇ ಅವಳಿಗೆ," ಎಂದ ನನ್ನ ಹತ್ತಿರ. "ನನಗೊಂದು ಮರ್ಯಾದೆ ಸಿಗೋದು ಬೇಡ. ಒಂದು ಸಹಿ, ಲೊರೀನ್! ಅವಳಪ್ಪನ ಗಂಟೇನು ಹೋಗುತ್ತೆ?"

"ಅವಳಪ್ಪ ನಿನ್ನಪ್ಪನೂ ಹೌದು. ಕೂಗಾಡಬೇಡ," ಎಂದೆನಾದರೂ ಒಳಗೊಳಗೆ ನಾನು ಗಂಡನ ಕಡೆಯೇ ಇದ್ದೆ. ಇಷ್ಟು ವರ್ಷ ಮರಿ ಮರಿ ಎಂದು ಮುದ್ದು ಮಾಡಿ, ಬೇಕಾದಾಗ ಕೈಕೊಡುವುದೆಂದರೆ ನನಗೂ ಸಿಟ್ಟು ಬಂದಿತ್ತು. ಒಂದು ದಿನ ಬಟ್ಟೆ ಒಣಹಾಕುವಾಗ ಕೇಳಿಯೇಬಿಟ್ಟೆ.

"ಅತ್ತಿಗೆ, ಏನು ಹಟ ನಿಮ್ಮದು? ಅವನು ಊಟ ಬಿಟ್ಟು ಸೊರಗ್ತಾ ಇದ್ದಾನೆ."

"ನಿನ್ನ ಅಡುಗೆ ತಿಂದು ಸೊರಗ್ತಿರಬಹುದು."

"ತಮಾಷೆ ಸಾಕು. ಸಹಿ ಯಾಕೆ ಹಾಕಲ್ಲ?"

ಅವರು ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಕೊಡವಿದರು. ಇನ್ನೆರಡು ತುದಿ ನನ್ನ ಕೈಯಲ್ಲಿತ್ತು. "ಕೇಳದೇ ಇದ್ದಾಗ ಸುಮ್ಮನಿರೋದು ಬೇರೆ ಲೊರೀನ್," ಎಂದರು. "ಕೈಯೆತ್ತಿ, ದೇವರ ಹೆಸರು ಹೇಳಿ, ಇಲ್ಲದ್ದನ್ನ ಹೇಳೋದು ಬೇರೆ. ನನ್ನ ಕೈಲಾಗಲ್ಲ." ಅಷ್ಟು ಹೇಳಿ ಕ್ಲಿಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಆ ಮಾತನ್ನು ನಾನು ಟ್ರೂಡಿಗೆ ಹೇಳಿದ್ದು ಚಳಿಗಾಲಕ್ಕೆಂದು ಟೊಮೇಟೊ ಬಾಟಲಿಗೆ ತುಂಬುತ್ತಿದ್ದಾಗ. ಆರ್ಡಿತ್ ಚರ್ಚಿಗೆ ಹೋಗಿದ್ದರು. ಟ್ರೂಡಿ ಬಿಸಿನೀರಿನಿಂದ ಹಣ್ಣು ತೆಗೆದು ಸಿಪ್ಪೆ ಬಿಡಿಸುತ್ತಿದ್ದಳು.

"ಅಮ್ಮಾ, ಐವತ್ತೊಂದು ವರ್ಷದೋಳು ಮನೇಲಿ, ಡಾಕ್ಟ್ರಿಲ್ಲದೆ ಹೆತ್ತಿದ್ದನ್ನ ನಾನಂತೂ ಕಂಡಿಲ್ಲ. ಕೇಳಿಯೂ ಇಲ್ಲ."

"ಆ ಕಾಲದವರು ಗಟ್ಟಿ ಇದ್ರು ಕಣೇ."

"ಗಟ್ಟಿ ಇದ್ರೆ ಹೊಲ ಉಳಬಹುದು, ಮಗು ಆಗುತ್ತಾ? ಆ ಮನೇಲಿ ಆಗ ಎಷ್ಟು ಜನ ಹೆಂಗಸರಿದ್ರು?"

"ಇಬ್ಬರೇ. ಓರ್ಫಾ, ಆರ್ಡಿತ್..."

ಟ್ರೂಡಿ ನನ್ನನ್ನೇ ನೋಡಿದಳು. ನನ್ನ ಕೈಯಲ್ಲಿದ್ದ ಹಣ್ಣು ಹಿಸುಕಿಹೋಯಿತು. ಮೊಟ್ಟೆ, ಬ್ರೆಡ್ಡಿನ ಅಂಚು, ವರ್ಲಿನ್ ಸೈನ್ಯದಲ್ಲಿದ್ದಾಗ ವಾರ ವಾರ ಹೋಗುತ್ತಿತ್ತೆಂದು ಕೇಳಿದ್ದ ಬಿಸ್ಕತ್ತಿನ ಡಬ್ಬಿ, ಪಿಯೋರಿಯಾ ನಗರಕ್ಕೆ ಕರೆದೊಯ್ಯುತ್ತೇನೆಂದು ಬಂದ ಒಳ್ಳೆಯ ವರನನ್ನು ಆರ್ಡಿತ್ ಬೇಡವೆಂದು ವಾಪಸು ಕಳಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಕುರ್ಚಿ ಎಳೆದು ಕೂತುಬಿಟ್ಟೆ.

"ನಿಮ್ಮಪ್ಪನಿಗೆ ಹೇಳಬೇಡ," ಎಂದೆ. "ಹೇಳೋದಿದ್ರೆ ಅವರೇ ಹೇಳಲಿ."

ಆ ಭಾನುವಾರವೇ ಹೇಳಿದರು. ಚರ್ಚಿನಿಂದ ಬಂದು ಹಂದಿಮಾಂಸ, ಆಲೂಗಡ್ಡೆ ಉಣ್ಣುತ್ತಿದ್ದೆವು. ವರ್ಲಿನ್ ಸುಮ್ಮನಿರಲಾರದೆ ಕೆಣಕಿದ.

"ಹಾಡುವಾಗ ಎಲ್ಲರಿಗಿಂತ ಗಟ್ಟಿ ಗಂಟಲು. ಸ್ವಂತ ತಮ್ಮನಿಗೆ ನಿಜ ಹೇಳು ಅಂದ್ರೆ ಬಾಯಿಗೆ ಬೀಗ."

ಆರ್ಡಿತ್ ಚಮಚ ಕೆಳಗಿಟ್ಟರು.

"ನಿಜ ಬೇಕಾ ಮರಿ?"

"ಇನ್ನೇನು ಸುಳ್ಳು ಬೇಕಾ?"

"ಅಮ್ಮ ನಿನ್ನ ಹೆರಲಿಲ್ಲ. ನಾನು ಹೆತ್ತೆ. ಮೇಲಿನ ಕೋಣೇಲಿ. ಅಮ್ಮ ನಿನ್ನ ಎತ್ಕೊಂಡು ಕೆಳಗೆ ಬಂದು, ನನಗೆ ಮಗು ಆಯ್ತು ಅಂತ ಊರಿಗೆ ಹೇಳಿದ್ಳು. ನನ್ನ ಮಾನ ಉಳಿಸಿದ್ಳು. ಅವಳ ಮೇಲೆ ನನಗೆ ಸಿಟ್ಟಿಲ್ಲ."

ವರ್ಲಿನ್ ತಟ್ಟೆಯನ್ನು ದೂರ ತಳ್ಳಿದ.

"ಯಾರು?" ಎಂದ ಕೊನೆಗೆ. "ಗಂಡಸು ಯಾರು?"

"ಜೋಳ ಕೊಯ್ಯೋಕೆ ಬಂದಿದ್ದ ಹುಡುಗ. ಕೆಲಸ ಮುಗಿದ ಮೇಲೆ ಹೊರಟುಹೋದ. ಅವನಿಗೆ ಗೊತ್ತೂ ಇಲ್ಲ. ಆಮೇಲೆ ಯುದ್ಧದಲ್ಲಿ ಸತ್ತ. ಆ ಕಡೆಯಿಂದ ನಿನಗೆ ಯಾವ ಬಿಲ್ಲೆಯೂ ಸಿಗಲ್ಲ."

"ಅಮ್ಮ ಸತ್ತಾಗ ನಾನು ರಜಾ ಹಾಕಿ ಬಂದೆ," ಎಂದ ವರ್ಲಿನ್. "ಅಮ್ಮಾ ಅಂತ ಪೆಟ್ಟಿಗೆ ಮೇಲೆ ಬಿದ್ದು ಅತ್ತೆ. ನೀನು ಹಿಂದೆ ನಿಂತು ನೋಡ್ತಿದ್ದೆ. ಅವತ್ತೂ ಹೇಳಲಿಲ್ಲ."

"ಅವತ್ತು ಹೇಗೆ ಹೇಳಲಿ?"

"ಮಾರನೇ ದಿನ ಹೇಳಬಹುದಿತ್ತು! ಮಾರನೇ ವರ್ಷ ಹೇಳಬಹುದಿತ್ತು!"

ಕುರ್ಚಿಯನ್ನು ಹಿಂದಕ್ಕೆ ಬೀಳಿಸಿ ಎದ್ದು ಹೋದ. ಆರ್ಡಿತ್ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು. ಅದನ್ನು ಅವನು ತಿನ್ನಲಿಲ್ಲ. ಆ ದಿನದಿಂದ ಬೆಳಗಿನ ತಿಂಡಿಗೂ ಪೇಟೆಯ ಹೋಟೆಲಿಗೆ ಹೋಗತೊಡಗಿದ. ಮನೆಯಲ್ಲಿದ್ದರೆ ಗ್ಯಾರೇಜಿನಲ್ಲಿ ಏನಾದರೂ ಕುಟ್ಟುತ್ತಿದ್ದ. ಕಾಗದಗಳನ್ನೆಲ್ಲ ಮೇಜಿನಿಂದ ಎತ್ತಿ ರಟ್ಟಿನ ಪೆಟ್ಟಿಗೆಗೆ ತುಂಬಿದ. ತಟ್ಟೆಗೆ ಜಾಗವಾಯಿತು, ಉಣ್ಣುವವರು ಮಾತ್ರ ಕಡಿಮೆಯಾದರು.

ಆಗಸ್ಟ್ ಕೊನೆಗೆ ಬರ್ನಿಟಾ ಫೋನು ಮಾಡಿದಳು. ನಾನೇ ಎತ್ತಿದೆ. ವರ್ಲಿನ್ ಬಂದು ಕಿವಿಗಿಟ್ಟುಕೊಂಡ. ಅವನು ಬರೀ "ಹೂಂ, ಹೂಂ" ಅನ್ನುತ್ತಿದ್ದ. ಫೋನಿಟ್ಟ ಮೇಲೆ ಅಡುಗೆಮನೆಯ ಬಾಗಿಲಲ್ಲೇ ನಿಂತ.

"ಏನಂತೆ?"

"ಸಮಿತಿಯವರು ಸೇರಿದ್ರಂತೆ. ಪ್ರೂಯಿಟ್ ಮನೆಯವರನ್ನ ಯಾರು ಅನುಮಾನಿಸ್ತಾರೆ ಅಂದ್ರಂತೆ. ಪ್ರಮಾಣ ಗಿಮಾಣ ಬೇಡ, ಇದ್ದ ಹಾಗೇ ಒಪ್ಪಿಬಿಡ್ತೀವಿ ಅಂತಾಳೆ. ನಾನು ಹೂಂ ಅಂದ್ರೆ ಸಾಕು. ಶುಕ್ರವಾರದೊಳಗೆ ಹೇಳಬೇಕು."

ಆರ್ಡಿತ್ ಸಿಂಕಿನ ಹತ್ತಿರ ಬೆನ್ನು ಮಾಡಿ ನಿಂತಿದ್ದರು. ತಿರುಗಲಿಲ್ಲ.

"ಒಳ್ಳೇದಾಯ್ತಲ್ಲ," ಎಂದರು. "ತಗೋ ಮರಿ. ಹಾಗೇ ತಗೋ. ನಾನಂತೂ ಯಾರಿಗೂ ಏನೂ ಹೇಳಲ್ಲ."

"ನೀನು ಹೇಳಲ್ಲ ಅಂತ ಗೊತ್ತು," ಎಂದ ವರ್ಲಿನ್. "ಅದೊಂದು ನಿನಗೆ ಚೆನ್ನಾಗಿ ಬರುತ್ತೆ."

ನನಗೆ ತಡೆಯಲಾಗಲಿಲ್ಲ. ಈ ಮನೆಯಲ್ಲಿ ಆರ್ಡಿತ್ ಪರವಾಗಿ ನಾನು ಬಾಯಿ ತೆರೆದದ್ದು ಅದೇ ಮೊದಲು.

"ನಾಚಿಕೆ ಆಗಲ್ವೇನೋ ನಿನಗೆ? ಆರು ತಿಂಗಳಿಂದ ಸತ್ತವರ ಗೋರಿ ತಿಕ್ಕಿ ತಿಕ್ಕಿ ಬೆನ್ನು ನೋಯಿಸ್ಕೊಂಡೆ. ಒಲೆ ಮುಂದೆ ಬದುಕಿರೋರು ನಿಂತಿದ್ದಾರೆ, ಅವರ ಮುಖ ನೋಡೋಕೆ ಪುರುಸೊತ್ತಿಲ್ಲ. ಎತ್ತಿನ ಗಾಡೀಲಿ ಬಂದ ಏಸಾ ನಿನಗೆ ಒಂದು ದಿನ ಮೊಟ್ಟೆ ಬೇಯಿಸಿ ಹಾಕಿದ್ನಾ?"

"ಲೊರೀನ್, ನೀನು ಸುಮ್ನಿರು. ಇದು ನಮ್ಮ ಮನೆತನದ ವಿಷಯ."

"ಹೌದಾ? ಹಾಗಾದ್ರೆ ಮನೆತನದವನ ಹಾಗೆ ನಡ್ಕೋ."

ಅವನು ದಡಾರನೆ ಬಾಗಿಲು ಹಾಕಿಕೊಂಡು ಹೊರಗೆ ಹೋದ. ಆರ್ಡಿತ್ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು.

"ಬೈಬೇಡ ಅವನನ್ನ," ಎಂದರು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಗುರುವಾರ ಬೆಳಿಗ್ಗೆ ನಾನು ಹಾಸಿಗೆ ಸರಿಮಾಡಿ ಬರುವಷ್ಟರಲ್ಲಿ ಆರ್ಡಿತ್ ನೂಡಲ್ಸ್‌ಗೆ ಹಿಟ್ಟು ಲಟ್ಟಿಸುತ್ತಿದ್ದರು. ಸಂಘದ ಊಟಕ್ಕೆ ಪ್ರತಿವರ್ಷ ಅವರದೇ ಕೋಳಿ ನೂಡಲ್ಸ್. ಲಟ್ಟಿಸಿದ ಹಾಳೆಗಳನ್ನು ಒಣಗಲೆಂದು ಕುರ್ಚಿಗಳ ಬೆನ್ನಿನ ಮೇಲೆ ಬಟ್ಟೆ ಹಾಸಿ ನೇತುಹಾಕಿದ್ದರು, ಕೂರಲು ಒಂದೂ ಕುರ್ಚಿ ಇರಲಿಲ್ಲ. ವರ್ಲಿನ್ ಹೋಟೆಲಿಗೆ ಹೋಗಿರಲಿಲ್ಲ. ಕೈಯಲ್ಲೊಂದು ಕಾಗದ ಹಿಡಿದು ಬಂದು, ಹಿಟ್ಟು ತಾಗದ ಕಡೆ ನೋಡಿ ಮೇಜಿನ ಮೇಲೆ ಇಟ್ಟ.

"ಇದಕ್ಕಾದ್ರೂ ಸಹಿ ಹಾಕ್ತೀಯಾ?"

ಆರ್ಡಿತ್ ಕನ್ನಡಕ ಹುಡುಕಿ ಹಾಕಿಕೊಂಡರು. ಅದರಲ್ಲಿದ್ದದ್ದು ಒಂದೇ ವಾಕ್ಯ. ಕ್ಲೆಟಸ್ ಪ್ರೂಯಿಟನ ಮಗಳಾದ ಆರ್ಡಿತ್ ಎಂಬ ನಾನು ವರ್ಲಿನ್‌ನನ್ನು ಹೆತ್ತವಳು ಎಂದು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದರು.

"ಇದನ್ನ ಎಲ್ಲರ ಮುಂದೆ ಓದ್ತಾರೆ ಮರಿ. ಚರ್ಚಿನವರೆಲ್ಲ ಇರ್ತಾರೆ. ಡ್ವೈಟ್ ಇರ್ತಾನೆ."

"ಇರಲಿ."

"ನನಗೆ ಎಪ್ಪತ್ತೇಳು. ಇಷ್ಟು ದಿನ ಯಾರೂ ನನ್ನ ಕಡೆ ಬೆರಳು ತೋರಿಸಿಲ್ಲ."

"ತೋರಿಸಿದವರ ಬೆರಳು ನಾನು ನೋಡ್ಕೋತೀನಿ. ನನಗೆ ಇನ್ನೂ ಸಿಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಸುಳ್ಳು ಬಿಲ್ಲೆ ಚುಚ್ಕೊಂಡು ಆ ಮೇಜಿನ ಮುಂದೆ ನಿಲ್ಲೋಕೆ ಆಗಲ್ಲ. ನೀನು ಅಡುಗೆಮನೇಲಿ ಕೋಳಿ ಸಾರು ಕಲಕ್ತಾ ಕೇಳಿಸ್ಕೊಳ್ತಿರ್ತೀಯ. ಆಗಲ್ಲ."

ಆರ್ಡಿತ್ ಕೈತೊಳೆಯಲು ಹೋದರು. ಆ ಕೈತೊಳೆಯುವುದು ಮುಗಿಯುವ ಹಾಗೇ ಕಾಣಲಿಲ್ಲ. ನಾನೇ ಟವೆಲ್ ಕೊಟ್ಟೆ.

"ಬ್ಯಾಂಕು ತೆಗೆಯೋದು ಒಂಬತ್ತಕ್ಕೆ," ಎಂದರು ಕೈ ಒರೆಸುತ್ತಾ. "ಅಷ್ಟರಲ್ಲಿ ಮೊಟ್ಟೆ ತಿಂತೀಯಾ?"

"ಹಾಕು," ಎಂದ ವರ್ಲಿನ್. ಕುರ್ಚಿ ಇಲ್ಲದ್ದರಿಂದ ನಿಂತೇ ತಿಂದ.

ಇಷ್ಟಾದರೂ ಸಂಘದ ಊಟದ ದಿನ ಆರ್ಡಿತ್ ತಮ್ಮ ಬುದ್ಧಿ ತೋರಿಸಿದರು. ಮೇಜಿನ ಮುಂದೆ ವರ್ಲಿನ್ ಪಕ್ಕ ಅವರಿಗೊಂದು ಕುರ್ಚಿ ಹಾಕಿಸಿದ್ದೆವು. ಅವರು ಮಾತ್ರ ಏಪ್ರನ್ ಕಟ್ಟಿಕೊಂಡು ನೆಲಮಾಳಿಗೆಯ ಅಡುಗೆಮನೆ ಸೇರಿ, ಬಡಿಸುವ ಕಿಟಕಿಯ ಹಿಂದೆ ಸೌಟು ಹಿಡಿದು ನಿಂತರು. ಬೇಯಿಸಿ ಹಿಸುಕಿದ ಆಲೂಗಡ್ಡೆಯ ಮೇಲೆ ನೂಡಲ್ಸ್ ಸುರಿದು ಸುರಿದು ಕೊಡುತ್ತಿದ್ದರು, ಊರಿಗೆ ಊರೇ ಹಸಿದು ಬಂದಿದೆಯೇನೋ ಅನ್ನುವ ಹಾಗೆ. ಕರೆಯಲು ಹೋದ ನನ್ನನ್ನು, "ಸೌಟು ಬಿಟ್ಟು ಹೇಗೆ ಬರಲಿ? ನೀನು ಬಡಿಸಿದ್ರೆ ನೆಲದ ಮೇಲೇ ಬಡಿಸ್ತೀಯ" ಎಂದು ಸಾಗಹಾಕಿದರು. ನಾನು ಹೋಗಲಿಲ್ಲ, ಅಲ್ಲೇ ಪಕ್ಕದಲ್ಲಿ ನಿಂತೆ.

ಡ್ವೈಟ್‌ನ ಉದ್ದದ ಸಾಲು ಮುಗಿದು ಚಪ್ಪಾಳೆಯಾಯಿತು. ಬರ್ನಿಟಾ ಮುಂದಿನ ಹಾಳೆ ತೆಗೆದಳು. ಅವಳ ವಿಷಯದಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಆ ದಿನದವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ಏಸಾ ಪ್ರೂಯಿಟ್," ಎಂದು ಓದಿದಳು. "ಅವರ ಮಗ ಲೈಮನ್. ಲೈಮನ್ ಅವರ ಮಗ ಕ್ಲೆಟಸ್. ಕ್ಲೆಟಸ್ ಅವರ ಮಗಳು ಆರ್ಡಿತ್."

ಚಮಚಗಳ ಸದ್ದು ನಿಂತಿತು. ಮೊದಲು ಒಬ್ಬಿಬ್ಬರು, ಆಮೇಲೆ ಇಡೀ ಕೋಣೆ ಅಡುಗೆಮನೆಯ ಕಿಟಕಿಯ ಕಡೆ ತಿರುಗಿತು. ಮುಂದಿನ ಹೆಸರು ಯಾರದಿರಬೇಕೆಂದು ಎಲ್ಲರಿಗೂ ಆಗಲೇ ಹೊಳೆದಿತ್ತು. ಬರ್ನಿಟಾ ಕಾಯುತ್ತಿದ್ದಳು. ವರ್ಲಿನ್ ಖಾಲಿ ಕುರ್ಚಿಯ ಬೆನ್ನು ಹಿಡಿದು ಕಾಯುತ್ತಿದ್ದ. ಆರ್ಡಿತ್ ಪಾತ್ರೆಯೊಳಗೆ ಕಣ್ಣು ನೆಟ್ಟು ಸೌಟು ತಿರುಗಿಸುತ್ತಲೇ ಇದ್ದರು. ಸಾರು ಅಂಚಿನಿಂದ ತುಳುಕುತ್ತಿತ್ತು.

ನಾನು ಅವರ ಕೈಯಿಂದ ಸೌಟು ತೆಗೆದುಕೊಂಡೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಬಿಟ್ಟುಕೊಟ್ಟರು.

"ಹೋಗಿ ಅತ್ತೆ," ಎಂದೆ. "ಬಡಿಸೋಕೆ ನಾನಿದ್ದೀನಿ."

ನನ್ನನ್ನೊಮ್ಮೆ ನೋಡಿದರು. ಏಪ್ರನ್ ಬಿಚ್ಚಲು ಹೋಗಿ, ಗಂಟು ಬಿಚ್ಚದೆ, ಹಾಗೆಯೇ ಬಾಗಿಲು ದಾಟಿ ಹೊರಗೆ ನಡೆದರು. ಮೇಜುಗಳ ನಡುವೆ ಆ ಮುದುಕಿ ತಲೆಯೆತ್ತಿ ನಡೆದುಹೋದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕುರ್ಚಿಯ ಹತ್ತಿರ ಹೋಗಿ, ಕೂರದೆ, ನಿಂತರು.

"ಆರ್ಡಿತ್ ಅವರ ಮಗ ವರ್ಲಿನ್," ಎಂದು ಓದಿದಳು ಬರ್ನಿಟಾ.

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಟ್ರೂಡಿ ಒಬ್ಬಳೇ ಜೋರಾಗಿ ತಟ್ಟಿದಳು. ಆಮೇಲೆ ಅಲ್ಲೊಂದು ಇಲ್ಲೊಂದು ಕೈ ಸೇರಿತು. ಡ್ವೈಟ್‌ಗೆ ನಾಲಿಗೆ ತುರಿಸುತ್ತಿತ್ತು, ಕೂತಲ್ಲಿಂದಲೇ ಕೂಗಿದ.

"ಏನೋ ವರ್ಲಿನ್, ನಾಲ್ಕನೆಯವನು ನಾಲ್ಕನೆಯವನು ಅಂತ ಹೋಟೆಲೆಲ್ಲ ಹಾರಾಡ್ತಿದ್ದೆ. ಐದಕ್ಕೆ ಇಳಿದೆಯಲ್ಲಪ್ಪಾ!"

"ಇಳಿದೆ," ಎಂದ ವರ್ಲಿನ್. "ನಡುವೆ ನಮ್ಮಮ್ಮ ಇದ್ದಾಳಲ್ಲ."

ನಾನು ಬಡಿಸುವುದನ್ನು ಮುಂದುವರಿಸಿದೆ. ಮಧ್ಯೆ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ. ಉಪ್ಪು ಕಡಿಮೆಯಿತ್ತು. ನಾನು ಹಾಕಲಿಲ್ಲ.